ಹಳ್ಳಿ ಮನೆಗೂ ಕಾರ್ಬನ್ ಫುಟ್‌ಪ್ರಿಂಟ್ ಇದೆಯೇ? ಫಾರ್ವರ್ಡ್‌ಗಳ ನಿಜಾಂಶ ಮತ್ತು ಕೂಡ್ಲಿಗಿ–ಹರಪನಹಳ್ಳಿ ಸೀಮೆಯ ಒಂದು ಲೆಕ್ಕ

"ಗುಡ್ಡದ ಮೇಲಿನ ಗಾಳಿ ಫ್ಯಾನುಗಳು ಮೋಡ ಓಡಿಸುತ್ತಿವೆ, ಅದಕ್ಕೇ ನಮ್ಮ ಕಡೆ ಮಳೆ ಇಲ್ಲ." "ಅರಳಿ ಮರ ದಿನದ 24 ಗಂಟೆಯೂ ಆಮ್ಲಜನಕ ಕೊಡುತ್ತದೆ." "ಹಳೆಯ ಮೆಸೇಜ್ ಡಿಲೀಟ್ ಮಾಡಿ, ಭೂಮಿ ಉಳಿಸಿ." "ನಿಮ್ಮ ಹೊಲದ ಒಂದೊಂದು ಮರಕ್ಕೂ ವರ್ಷಕ್ಕೆ ಸಾವಿರಾರು ರೂಪಾಯಿ ಕಾರ್ಬನ್ ಹಣ, ಹೆಸರು ನೋಂದಾಯಿಸಲು ಈ ಲಿಂಕ್ ಒತ್ತಿ."

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಕಡೆಯ ಯಾವುದಾದರೂ ವಾಟ್ಸಾಪ್ ಗುಂಪಿನಲ್ಲಿ ನೀವಿದ್ದರೆ ಇಂಥ ಮೆಸೇಜ್‌ಗಳು ನಿಮಗೆ ಹೊಸವಲ್ಲ. ಇವುಗಳಲ್ಲಿ ಕೆಲವು ಪೂರ್ತಿ ಸುಳ್ಳು, ಕೆಲವು ಅರ್ಧ ನಿಜ, ಒಂದಂತೂ ನಿಮ್ಮ ಜೇಬಿಗೇ ಕೈ ಹಾಕಬಹುದು. ಇವನ್ನೆಲ್ಲ ಅಳೆಯಲು ಒಂದೇ ತಕ್ಕಡಿ ಸಾಕು. ಅದರ ಹೆಸರು ಕಾರ್ಬನ್ ಫುಟ್‌ಪ್ರಿಂಟ್, ಕನ್ನಡದಲ್ಲಿ ಇಂಗಾಲದ ಹೆಜ್ಜೆಗುರುತು. ಅದು ಏನು, ವಿಜಯನಗರ ಜಿಲ್ಲೆಯ ಈ ಐದು ತಾಲ್ಲೂಕುಗಳ ಒಂದು ಸಾಧಾರಣ ಮನೆಯಲ್ಲಿ ಅದು ಎಷ್ಟಿರುತ್ತದೆ, ಎಲ್ಲಿ ಕಡಿಮೆ ಮಾಡಬಹುದು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಕಾರ್ಬನ್ ಫುಟ್‌ಪ್ರಿಂಟ್ ಎಂದರೇನು?

ನಾವು ಬಳಸುವ ಪೆಟ್ರೋಲ್, ಡೀಸೆಲ್, ಅಡುಗೆ ಗ್ಯಾಸ್, ಕರೆಂಟ್, ಗೊಬ್ಬರ, ಸಿಮೆಂಟ್, ಹಾಲು, ಅಕ್ಕಿ ಎಲ್ಲದರ ಹಿಂದೆ ಒಂದಿಷ್ಟು ಅನಿಲ ಗಾಳಿಗೆ ಸೇರಿರುತ್ತದೆ. ಇವುಗಳಲ್ಲಿ ಮುಖ್ಯವಾದವು ಮೂರು: ಇಂಗಾಲದ ಡೈಆಕ್ಸೈಡ್, ಮೀಥೇನ್ ಮತ್ತು ನೈಟ್ರಸ್ ಆಕ್ಸೈಡ್. ಇವು ಭೂಮಿಯ ಬಿಸಿ ಹೊರಗೆ ಹೋಗದಂತೆ ಕಂಬಳಿಯ ಹಾಗೆ ತಡೆಯುತ್ತವೆ. ಒಬ್ಬ ವ್ಯಕ್ತಿ, ಒಂದು ಮನೆ ಅಥವಾ ಒಂದು ಊರಿನ ಕಾರಣದಿಂದ ವರ್ಷಕ್ಕೆ ಎಷ್ಟು ಅನಿಲ ಗಾಳಿಗೆ ಸೇರಿತು ಎಂಬ ಒಟ್ಟು ಲೆಕ್ಕವೇ ಇಂಗಾಲದ ಹೆಜ್ಜೆಗುರುತು.

ಮೂರೂ ಅನಿಲಗಳ ಬಲ ಒಂದೇ ಅಲ್ಲ. ನೂರು ವರ್ಷದ ಲೆಕ್ಕದಲ್ಲಿ 1 ಕೆ.ಜಿ. ಮೀಥೇನ್ ಸುಮಾರು 28 ಕೆ.ಜಿ. ಇಂಗಾಲದ ಡೈಆಕ್ಸೈಡ್‌ನಷ್ಟು ಬಿಸಿ ಹಿಡಿಯುತ್ತದೆ. 1 ಕೆ.ಜಿ. ನೈಟ್ರಸ್ ಆಕ್ಸೈಡ್ ಸುಮಾರು 270 ಕೆ.ಜಿ.ಯಷ್ಟು. ಆದ್ದರಿಂದ ಎಲ್ಲವನ್ನೂ ಇಂಗಾಲದ ಡೈಆಕ್ಸೈಡ್‌ಗೆ ಸಮನಾಗಿ ಪರಿವರ್ತಿಸಿ ಕೂಡಿಸುತ್ತಾರೆ. ಮುಂದೆ ನಾವು "ಇಂಗಾಲ" ಎಂದಾಗಲೆಲ್ಲ ಈ ಪರಿವರ್ತಿಸಿದ ಲೆಕ್ಕ ಎಂದೇ ತಿಳಿಯಿರಿ.

ಕೈಗಾರಿಕೆಗಳು ಬೆಳೆಯುವ ಮುಂಚೆ ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ಸುಮಾರು 280 ಇಂಗಾಲದ ಡೈಆಕ್ಸೈಡ್ ಕಣಗಳಿದ್ದವು. ಈಗ ಅದು 420 ದಾಟಿದೆ.

ಒಂದು ಲೀಟರ್ ಪೆಟ್ರೋಲ್‌ನಿಂದ ಎರಡು ಕಿಲೋ ಅನಿಲ ಹೇಗೆ ಬರುತ್ತದೆ?

ಇದು ಬಹಳ ಜನ ಕೇಳುವ ಪ್ರಶ್ನೆ. ಒಂದು ಲೀಟರ್ ಪೆಟ್ರೋಲ್ ತೂಕ ಮುಕ್ಕಾಲು ಕೆ.ಜಿ. ಮಾತ್ರ. ಅದರಿಂದ 2.3 ಕೆ.ಜಿ. ಅನಿಲ ಬರುತ್ತದೆ ಎಂದರೆ ನಂಬುವುದು ಕಷ್ಟ. ಆದರೆ ಇದು ನಿಜ. ಪೆಟ್ರೋಲ್ ಉರಿಯುವಾಗ ಅದರೊಳಗಿನ ಇಂಗಾಲದ ಜೊತೆ ಗಾಳಿಯಲ್ಲಿರುವ ಆಮ್ಲಜನಕ ಸೇರಿಕೊಳ್ಳುತ್ತದೆ. 12 ಗ್ರಾಂ ಇಂಗಾಲಕ್ಕೆ 32 ಗ್ರಾಂ ಆಮ್ಲಜನಕ ಸೇರಿ 44 ಗ್ರಾಂ ಅನಿಲವಾಗುತ್ತದೆ. ಹೆಚ್ಚಾದ ತೂಕ ಬಂದದ್ದು ಗಾಳಿಯಿಂದ.

ಇದೇ ರೀತಿ ಲೆಕ್ಕ ಹಾಕಿದಾಗ ಸಿಗುವ ಕೆಲವು ಅಂಕಿಗಳು ಇಲ್ಲಿವೆ. ಬೇಕಾದರೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

• ಪೆಟ್ರೋಲ್ 1 ಲೀಟರ್: ಸುಮಾರು 2.3 ಕೆ.ಜಿ.
• ಡೀಸೆಲ್ 1 ಲೀಟರ್: ಸುಮಾರು 2.7 ಕೆ.ಜಿ.
• 14.2 ಕೆ.ಜಿ. ಗ್ಯಾಸ್ ಸಿಲಿಂಡರ್ 1: ಸುಮಾರು 42 ಕೆ.ಜಿ.
• ಕರೆಂಟ್ 1 ಯೂನಿಟ್ (ಭಾರತದ ಗ್ರಿಡ್‌ನ ಸರಾಸರಿ): ಸುಮಾರು 0.7 ಕೆ.ಜಿ.
• ಯೂರಿಯಾ 45 ಕೆ.ಜಿ. ಚೀಲ 1, ಹೊಲಕ್ಕೆ ಹಾಕಿದ ಮೇಲೆ: ಸುಮಾರು 80ರಿಂದ 120 ಕೆ.ಜಿ.

ಕೊನೆಯ ಅಂಕಿ ನೋಡಿ ಆಶ್ಚರ್ಯವಾಗಬಹುದು. ಯೂರಿಯಾದಲ್ಲಿ 46% ಸಾರಜನಕ ಇರುತ್ತದೆ. ಬೆಳೆ ಹೀರಿಕೊಳ್ಳದೆ ಉಳಿದ ಸಾರಜನಕದ ಒಂದು ಸಣ್ಣ ಪಾಲನ್ನು ಮಣ್ಣಿನ ಸೂಕ್ಷ್ಮಜೀವಿಗಳು ನೈಟ್ರಸ್ ಆಕ್ಸೈಡ್ ಆಗಿ ಬದಲಿಸುತ್ತವೆ. ಪಾಲು ಸಣ್ಣದಾದರೂ ಅದರ ಬಲ 270 ಪಟ್ಟು. ಮಣ್ಣು ಒಣಗಿದ್ದರೆ ಈ ಅನಿಲ ಕಡಿಮೆ ಬರುತ್ತದೆ, ನೀರು ನಿಂತರೆ ಹೆಚ್ಚು ಬರುತ್ತದೆ. ಕಾರ್ಖಾನೆಯಲ್ಲಿ ಯೂರಿಯಾ ತಯಾರಿಸಲು ಉರಿಸಿದ ಇಂಧನವನ್ನು ನಾವು ಇಲ್ಲಿ ಸೇರಿಸಿಲ್ಲ.

ನಮ್ಮ ಕಡೆಯ ಒಂದು ಮನೆಯ ಲೆಕ್ಕ

ಈಗ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಇದು ಉದಾಹರಣೆ ಮಾತ್ರ. ನಿಮ್ಮ ಮನೆಯ ಅಂಕಿ ಹಾಕಿ ನೀವೇ ಲೆಕ್ಕ ಮಾಡಿಕೊಳ್ಳಬಹುದು. ಐದು ಜನರ ಕುಟುಂಬ. ಮೆಕ್ಕೆಜೋಳ, ಶೇಂಗಾ ಬೆಳೆಯುವ ಹೊಲ, ಒಂದು ಬೋರ್‌ವೆಲ್, ಎರಡು ದನ, ಒಂದು ಬೈಕ್.

ಮೊದಲು ಮನೆಯೊಳಗಿನ ಲೆಕ್ಕ:

• ಕರೆಂಟ್ ತಿಂಗಳಿಗೆ 80 ಯೂನಿಟ್, ವರ್ಷಕ್ಕೆ 960: ಸುಮಾರು 670 ಕೆ.ಜಿ.
• ಗ್ಯಾಸ್ ವರ್ಷಕ್ಕೆ 8 ಸಿಲಿಂಡರ್: ಸುಮಾರು 335 ಕೆ.ಜಿ.
• ಬೈಕಿಗೆ ವರ್ಷಕ್ಕೆ 100 ಲೀಟರ್ ಪೆಟ್ರೋಲ್: 230 ಕೆ.ಜಿ.

ಒಟ್ಟು ಸುಮಾರು 1,235 ಕೆ.ಜಿ. ಐದು ಜನರಿಗೆ ಹಂಚಿದರೆ ತಲೆಗೆ 250 ಕೆ.ಜಿ. ಕೂಡ ಬರುವುದಿಲ್ಲ.

ಇನ್ನು ಹೊಲ ಮತ್ತು ಕೊಟ್ಟಿಗೆಯ ಲೆಕ್ಕ:

• 5 ಎಚ್‌ಪಿ ಪಂಪ್, ದಿನಕ್ಕೆ 5 ಗಂಟೆಯಂತೆ 150 ದಿನ, ಸುಮಾರು 3,000 ಯೂನಿಟ್: 2,100 ಕೆ.ಜಿ.
• ಎರಡು ದನ, ಒಂದೊಂದಕ್ಕೆ ವರ್ಷಕ್ಕೆ ಸುಮಾರು 50 ಕೆ.ಜಿ. ಮೀಥೇನ್ ಎಂದಿಟ್ಟುಕೊಂಡರೆ: 2,800 ಕೆ.ಜಿ.
• ಯೂರಿಯಾ 6 ಚೀಲ: ಸುಮಾರು 600 ಕೆ.ಜಿ.
• ಟ್ರ್ಯಾಕ್ಟರ್ ಬಾಡಿಗೆಗೆ ಉರಿದ ಡೀಸೆಲ್ 60 ಲೀಟರ್: ಸುಮಾರು 160 ಕೆ.ಜಿ.

ಒಟ್ಟು ಸುಮಾರು 5,660 ಕೆ.ಜಿ. ಮನೆಯದೂ ಹೊಲದದೂ ಕೂಡಿಸಿದರೆ 6,900 ಕೆ.ಜಿ. ಹತ್ತಿರ, ಅಂದರೆ ತಲೆಗೆ ಸುಮಾರು 1.4 ಟನ್. ಬಟ್ಟೆ, ಸಿಮೆಂಟ್, ಫೋನ್, ಅಂಗಡಿ ಸಾಮಾನು ಸೇರಿಸಿದರೆ ಇನ್ನೊಂದಿಷ್ಟು ಹೆಚ್ಚುತ್ತದೆ.

ಹೋಲಿಕೆಗೆ ನೋಡಿ. ಇಂಗಾಲದ ಡೈಆಕ್ಸೈಡ್ ಒಂದನ್ನೇ ತೆಗೆದುಕೊಂಡರೆ ಭಾರತದ ತಲಾ ಸರಾಸರಿ ವರ್ಷಕ್ಕೆ ಸುಮಾರು 2 ಟನ್. ಜಗತ್ತಿನ ಸರಾಸರಿ 4.5 ಟನ್‌ಗೂ ಹೆಚ್ಚು. ಅಮೆರಿಕದ್ದು 14 ಟನ್ ಆಸುಪಾಸು.

ಈ ಲೆಕ್ಕದಿಂದ ಮೂರು ವಿಷಯ ತಿಳಿಯುತ್ತವೆ.

ಒಂದು, "ಹಳ್ಳಿಯವರ ಫುಟ್‌ಪ್ರಿಂಟ್ ಸೊನ್ನೆ" ಎನ್ನುವುದು ಸರಿಯಲ್ಲ. ಆದರೆ ಅದು ಜಗತ್ತಿನ ಸರಾಸರಿಗಿಂತ ಬಹಳ ಕಡಿಮೆ.

ಎರಡು, ಬಲ್ಬು, ಚಾರ್ಜರ್, ಸ್ಟ್ರಾ ಬಗ್ಗೆ ಫಾರ್ವರ್ಡ್‌ಗಳು ಹೇಳುವುದೇ ಹೆಚ್ಚು. ನಮ್ಮ ಕಡೆ ದೊಡ್ಡ ಪಾಲು ಇರುವುದು ಬೋರ್‌ವೆಲ್ ಪಂಪ್, ಕೊಟ್ಟಿಗೆ ಮತ್ತು ಗೊಬ್ಬರದ ಚೀಲದಲ್ಲಿ.

ಮೂರು, ಹೊಲದ ಲೆಕ್ಕ ಪೂರ್ತಿ ರೈತನ ತಲೆಗೆ ಕಟ್ಟುವಂತಿಲ್ಲ. ಹರಪನಹಳ್ಳಿಯ ಮೆಕ್ಕೆಜೋಳ ಕೋಳಿ ಆಹಾರವಾಗಿ ಎಲ್ಲಿಗೋ ಹೋಗುತ್ತದೆ, ಹಾಲು ಡೇರಿಗೆ ಹೋಗುತ್ತದೆ. ತಿನ್ನುವವರ, ಕುಡಿಯುವವರ ಹೆಜ್ಜೆಗುರುತಿನಲ್ಲೂ ಅದು ಬರಬೇಕು. ರೈತನ ಖಾತೆಗೂ ಗ್ರಾಹಕನ ಖಾತೆಗೂ ಪೂರ್ತಿಯಾಗಿ ಬರೆದರೆ ಒಂದೇ ಲೆಕ್ಕ ಎರಡು ಸಲ ಬರೆದಂತಾಗುತ್ತದೆ.

ಫಾರ್ವರ್ಡ್ 1: ಗಾಳಿ ಫ್ಯಾನು ಮೋಡ ಓಡಿಸುತ್ತದೆಯೇ?

ಇಲ್ಲ. ಗಾಳಿಯಂತ್ರದ ರೆಕ್ಕೆಯ ತುದಿ ನೆಲದಿಂದ ಹೆಚ್ಚೆಂದರೆ 200 ಮೀಟರ್ ಆಸುಪಾಸು ಏರುತ್ತದೆ. ಮಳೆ ಮೋಡಗಳ ತಳ ಸಾಮಾನ್ಯವಾಗಿ ಅದಕ್ಕಿಂತ ಎಷ್ಟೋ ಮೇಲಿರುತ್ತದೆ. ದೊಡ್ಡ ಗುಡುಗು ಮೋಡಗಳ ನೆತ್ತಿ 10 ಕಿಲೋಮೀಟರ್‌ಗೂ ಮೇಲೆ ಹೋಗುತ್ತದೆ. ಅದೂ ಅಲ್ಲದೆ ಈ ಯಂತ್ರ ನಮ್ಮ ಮನೆಯ ಫ್ಯಾನಿನಂತೆ ಗಾಳಿ ಬೀಸುವುದಿಲ್ಲ. ಬೀಸುವ ಗಾಳಿಯೇ ಅದನ್ನು ತಿರುಗಿಸುತ್ತದೆ. ಹಿಂದೆ ಹೋಗುವ ಗಾಳಿಯ ವೇಗ ಸ್ವಲ್ಪ ಕಡಿಮೆಯೇ ಆಗಿರುತ್ತದೆ.

ಹಾಗಾದರೆ ನಮ್ಮ ಕಡೆ ಮಳೆ ಏಕೆ ಕಡಿಮೆ? ಅರಬ್ಬಿ ಸಮುದ್ರದಿಂದ ಬರುವ ಮುಂಗಾರು ಮೋಡಗಳು ಪಶ್ಚಿಮ ಘಟ್ಟ ಏರುವಾಗ ಬಹುಪಾಲು ನೀರನ್ನು ಅಲ್ಲೇ ಸುರಿಸುತ್ತವೆ. ಘಟ್ಟದ ಈಚೆಗಿನ ಬಯಲುಸೀಮೆ ಮಳೆ ನೆರಳಿನಲ್ಲಿದೆ. ಒಂದು ಫ್ಯಾನೂ ಇಲ್ಲದ ಕಾಲದಲ್ಲೂ ಈ ಸೀಮೆ ಬರ ಕಂಡಿದೆ. ಇಲ್ಲಿನ ಹಿರಿಯರು ಕೆರೆ ಕಟ್ಟಿಸಿದ್ದೂ ಅದಕ್ಕೇ.

ಇಂಗಾಲದ ಲೆಕ್ಕದಲ್ಲಿ ನೋಡಿದರೆ, ಯಂತ್ರ ತಯಾರಿಸಿದ ಉಕ್ಕು, ಸಿಮೆಂಟ್ ಎಲ್ಲ ಸೇರಿಸಿದರೂ ಗಾಳಿಯ ಒಂದು ಯೂನಿಟ್ ಕರೆಂಟಿಗೆ ಹತ್ತು-ಹನ್ನೆರಡು ಗ್ರಾಂ ಮಾತ್ರ. ಕಲ್ಲಿದ್ದಲಿನ ಒಂದು ಯೂನಿಟ್‌ಗೆ ಸುಮಾರು ಒಂದು ಕಿಲೋ. ಗಾಳಿಯಂತ್ರದ ಜಾಗ, ರಸ್ತೆ, ಬಾಡಿಗೆ ಬಗ್ಗೆ ಊರಿನವರಿಗೆ ತಕರಾರು ಇರಬಹುದು. ಅವು ನ್ಯಾಯವಾದ ಪ್ರಶ್ನೆಗಳು. ಆದರೆ ಮಳೆ ಹೋದದ್ದಕ್ಕೆ ಅದನ್ನು ದೂರುವುದು ಸರಿಯಲ್ಲ.

ಫಾರ್ವರ್ಡ್ 2: ಅರಳಿ ಮರ ರಾತ್ರಿಯೂ ಆಮ್ಲಜನಕ ಕೊಡುತ್ತದೆಯೇ?

ಇಲ್ಲ. ಆಮ್ಲಜನಕ ಹೊರಬರುವುದು ಎಲೆಗಳು ಬೆಳಕಿನಲ್ಲಿ ಆಹಾರ ತಯಾರಿಸುವಾಗ. ಕತ್ತಲೆಯಲ್ಲಿ ಆ ಕೆಲಸ ನಿಲ್ಲುತ್ತದೆ. ರಾತ್ರಿ ಅರಳಿ, ಬೇವು, ತುಳಸಿ ಎಲ್ಲವೂ ನಮ್ಮಂತೆಯೇ ಆಮ್ಲಜನಕ ತೆಗೆದುಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಲೋಳೆಸರ, ಪಾಪಾಸುಕಳ್ಳಿಯಂಥ ಕೆಲವು ಗಿಡಗಳು ರಾತ್ರಿ ಇಂಗಾಲದ ಡೈಆಕ್ಸೈಡ್ ಹೀರಿಟ್ಟುಕೊಳ್ಳುತ್ತವೆ. ಆದರೆ ಅವೂ ಆಮ್ಲಜನಕ ಬಿಡುವುದು ಹಗಲಿನಲ್ಲೇ. ಹಾಗೆಂದು ರಾತ್ರಿ ಮರದ ಕೆಳಗೆ ಮಲಗಿದರೆ ಉಸಿರುಗಟ್ಟುತ್ತದೆ ಎಂಬ ಇನ್ನೊಂದು ಮಾತನ್ನೂ ನಂಬಬೇಕಿಲ್ಲ. ಬಯಲಿನಲ್ಲಿ ಆ ಪ್ರಮಾಣ ಲೆಕ್ಕಕ್ಕೇ ಬರುವುದಿಲ್ಲ.

ಫಾರ್ವರ್ಡ್ 3: ಒಂದು ಮರ ನೆಟ್ಟರೆ ಬೈಕಿನ ಹೊಗೆ ಪೂರ್ತಿ ಮಾಫಿಯೇ?

ಇಲ್ಲ. ಒಣ ಕಟ್ಟಿಗೆಯ ತೂಕದಲ್ಲಿ ಸುಮಾರು ಅರ್ಧ ಇಂಗಾಲ. ಅಂದರೆ ಮರವೊಂದು 1 ಕೆ.ಜಿ. ಒಣ ತೂಕ ಬೆಳೆದರೆ ಸುಮಾರು 1.8 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೀರಿದೆ ಎಂದರ್ಥ. ಚೆನ್ನಾಗಿ ಬೆಳೆದ ಮರ ವರ್ಷಕ್ಕೆ ಸುಮಾರು 20 ಕೆ.ಜಿ. ಹೀರುತ್ತದೆ ಎಂದು ಸಾಮಾನ್ಯವಾಗಿ ಲೆಕ್ಕ ಹಾಕುತ್ತಾರೆ. ನಮ್ಮ ಬೈಕಿನ 230 ಕೆ.ಜಿ.ಗೆ ಅಂಥ ಹತ್ತು-ಹನ್ನೆರಡು ಮರ ಬೇಕು. ಈ ವರ್ಷ ನೆಟ್ಟ ಸಸಿ ಮೊದಲ ವರ್ಷಗಳಲ್ಲಿ ಹೀರುವುದು ಬಹಳ ಕಡಿಮೆ. ಬೇಸಿಗೆಯಲ್ಲಿ ಒಣಗಿದರೆ ಅದೂ ಇಲ್ಲ. ಆದ್ದರಿಂದ ಎಷ್ಟು ಸಸಿ ನೆಟ್ಟರು ಎಂಬುದಕ್ಕಿಂತ ಎಷ್ಟು ಉಳಿದವು ಎಂದು ಕೇಳಬೇಕು.

ಮರ ಬೇಡ ಎಂದಲ್ಲ. ಹೊಲದ ಬದುವಿನ ಬೇವು, ಹೊಂಗೆ, ಹುಣಸೆ ನೆರಳು ಕೊಡುತ್ತವೆ, ಮಣ್ಣು ಹಿಡಿಯುತ್ತವೆ, ಆದಾಯ ತರುತ್ತವೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಯನ್ನು ನೋಡಿ. ನೀರಿನ ನಡುವಿನ ಜಾಲಿ ಮರಗಳಲ್ಲಿ ಹಕ್ಕಿಗಳು ಗೂಡು ಕಟ್ಟುತ್ತವೆ. 2024ರಲ್ಲಿ ಅದು ರಾಮ್ಸರ್ ಪಟ್ಟಿಗೆ ಸೇರಿತು. ಅಂಥ ಮರಗಳ ಬೆಲೆಯನ್ನು ಇಂಗಾಲದ ಕಿಲೋ ಲೆಕ್ಕದಲ್ಲಿ ಮಾತ್ರ ಅಳೆಯಲು ಆಗುವುದಿಲ್ಲ.

ಫಾರ್ವರ್ಡ್ 4: ಗ್ಯಾಸ್ ಬಿಟ್ಟು ಕಟ್ಟಿಗೆ ಒಲೆಗೆ ಮರಳಿದರೆ ಒಳ್ಳೆಯದೇ?

ಇದು ಅರ್ಧ ನಿಜದ ಮಾತು, ಆದ್ದರಿಂದಲೇ ಹೆಚ್ಚು ಅಪಾಯ. ಬಳ್ಳಾರಿ ಜಾಲಿಯನ್ನು ಕಡಿದಷ್ಟೂ ಮತ್ತೆ ಚಿಗುರುತ್ತದೆ. ಉರಿದಾಗ ಹೋದ ಇಂಗಾಲವನ್ನು ಹೊಸ ಚಿಗುರು ವಾಪಸ್ ಹೀರುತ್ತದೆ. ಈ ಲೆಕ್ಕದಲ್ಲಿ ಕಟ್ಟಿಗೆ ಹಗುರವಾಗಿ ಕಾಣಿಸುತ್ತದೆ. ಆದರೆ ಒಲೆಯ ಹೊಗೆಯಲ್ಲಿ ಮೀಥೇನ್, ಮಸಿ ಮತ್ತು ವಿಷಾನಿಲಗಳೂ ಇರುತ್ತವೆ. ಆ ಹೊಗೆ ಮೊದಲು ಹೋಗುವುದು ಒಲೆ ಮುಂದೆ ಕೂತ ತಾಯಿಯ, ಪಕ್ಕದಲ್ಲಿ ಆಡುವ ಮಗುವಿನ ಎದೆಗೆ. ಶ್ವಾಸಕೋಶದ ಕಾಯಿಲೆ, ಮಕ್ಕಳ ನ್ಯುಮೋನಿಯಾ, ಹೃದ್ರೋಗಕ್ಕೆ ಮನೆಯೊಳಗಿನ ಹೊಗೆ ಕಾರಣವಾಗುತ್ತದೆ ಎಂಬುದು ವೈದ್ಯಕೀಯವಾಗಿ ಸಾಬೀತಾದ ವಿಷಯ.

ವರ್ಷಕ್ಕೆ 335 ಕೆ.ಜಿ. ಇಂಗಾಲ ಉಳಿಸಲು ಮನೆಯ ಹೆಣ್ಣುಮಕ್ಕಳ ಉಸಿರು ಕೆಡಿಸಬೇಕಿಲ್ಲ. ಕಟ್ಟಿಗೆ ಅನಿವಾರ್ಯವಾದರೆ ಒಣಗಿದ ಕಟ್ಟಿಗೆ ಬಳಸಿ, ಚಿಮಣಿ ಇರುವ ಒಲೆ ಹಾಕಿಸಿ. ಎರಡು-ಮೂರು ದನ ಇದ್ದರೆ ಗೋಬರ್ ಗ್ಯಾಸ್ ಬಗ್ಗೆ ಯೋಚಿಸಿ. ಸರಿಯಾಗಿ ನಡೆದರೆ ಅಡುಗೆ ಗ್ಯಾಸ್‌ನ ಅರ್ಧಕ್ಕೂ ಹೆಚ್ಚು ಉಳಿಯುತ್ತದೆ. ಸ್ಲರಿ ಹೊಲಕ್ಕೆ ಗೊಬ್ಬರವಾಗುತ್ತದೆ.

ಫಾರ್ವರ್ಡ್ 5: ಮೆಸೇಜ್ ಡಿಲೀಟ್ ಮಾಡಿದರೆ ಭೂಮಿ ಉಳಿಯುತ್ತದೆಯೇ?

ಡಿಲೀಟ್ ಮಾಡುವುದರಿಂದ ನಿಮ್ಮ ಫೋನಿನಲ್ಲಿ ಜಾಗ ಸಿಗುತ್ತದೆ, ಅಷ್ಟೇ. ಭೂಮಿಗೆ ಆಗುವ ಲಾಭ ಅಳೆಯಲಾರದಷ್ಟು ಸಣ್ಣದು. ಫೋನ್ ದಿನಕ್ಕೊಮ್ಮೆ ಪೂರ್ತಿ ಚಾರ್ಜ್ ಮಾಡಿದರೂ ವರ್ಷಕ್ಕೆ ಹತ್ತು ಯೂನಿಟ್ ಒಳಗೆ, ಅಂದರೆ 6–7 ಕೆ.ಜಿ. ಇಂಗಾಲ. ಇದು ಮೂರು ಲೀಟರ್ ಪೆಟ್ರೋಲಿಗೆ ಸಮ. ಆದರೆ ಒಂದು ಹೊಸ ಸ್ಮಾರ್ಟ್‌ಫೋನ್ ತಯಾರಾಗುವಾಗಲೇ 50 ಕೆ.ಜಿ. ಆಸುಪಾಸು ಅಥವಾ ಹೆಚ್ಚು ಇಂಗಾಲ ಹೋಗಿರುತ್ತದೆ. ಎರಡು ವರ್ಷಕ್ಕೆ ಬದಲಿಸುವ ಫೋನನ್ನು ಬ್ಯಾಟರಿ ಹಾಕಿಸಿ ನಾಲ್ಕು ವರ್ಷ ಬಳಸಿದರೆ ಉಳಿಯುವುದು ನಿಜವಾದ ಲಾಭ.

ಫಾರ್ವರ್ಡ್ 6: ಹೊಲದ ಮರಕ್ಕೆ ಕಾರ್ಬನ್ ಹಣ ಬರುತ್ತದೆಯೇ?

ಇದನ್ನು ಎಚ್ಚರಿಕೆಯಿಂದ ಓದಿ, ಏಕೆಂದರೆ ಇಲ್ಲಿ ನಿಮ್ಮ ಹಣ ಮತ್ತು ಪಹಣಿಯ ಪ್ರಶ್ನೆ ಇದೆ.

ಕಾರ್ಬನ್ ಕ್ರೆಡಿಟ್ ಎನ್ನುವುದು ನಿಜವಾಗಿಯೂ ಇದೆ. ಒಂದು ಟನ್ ಇಂಗಾಲವನ್ನು ಗಾಳಿಗೆ ಹೋಗದಂತೆ ತಡೆದರೆ ಅಥವಾ ಗಾಳಿಯಿಂದ ಹೀರಿದರೆ ಒಂದು ಕ್ರೆಡಿಟ್. ಅದನ್ನು ಕಂಪನಿಗಳು ಕೊಳ್ಳುತ್ತವೆ. ಭಾರತ ಸರ್ಕಾರ ಕೂಡ 2023ರಲ್ಲಿ ಕಾರ್ಬನ್ ಕ್ರೆಡಿಟ್ ವ್ಯಾಪಾರದ ಯೋಜನೆಯನ್ನು ಅಧಿಸೂಚಿಸಿದೆ. ಹಾಗಾಗಿ "ಎಲ್ಲವೂ ಮೋಸ" ಎನ್ನಲಾಗದು.

ಆದರೆ ಲೆಕ್ಕ ನೋಡಿ. ನಿಮ್ಮ ಬದುವಿನಲ್ಲಿ 20 ದೊಡ್ಡ ಮರ ಇವೆ ಎನ್ನೋಣ. ಮರಕ್ಕೆ 20 ಕೆ.ಜಿ.ಯಂತೆ ವರ್ಷಕ್ಕೆ 400 ಕೆ.ಜಿ. ಅಂದರೆ ಅರ್ಧ ಕ್ರೆಡಿಟ್ ಕೂಡ ಆಗುವುದಿಲ್ಲ. ಒಂದು ಕ್ರೆಡಿಟ್‌ಗೆ 1,000 ರೂಪಾಯಿ ಸಿಗುತ್ತದೆ ಎಂದೇ ಇಟ್ಟುಕೊಳ್ಳಿ. ಇಪ್ಪತ್ತೂ ಮರ ಸೇರಿ ವರ್ಷಕ್ಕೆ 400 ರೂಪಾಯಿ. ಅದರಲ್ಲೂ ಅಳತೆ, ಪರಿಶೀಲನೆ, ಮಧ್ಯವರ್ತಿಗಳ ಖರ್ಚು ಕಳೆಯಬೇಕು. ಸಾಮಾನ್ಯವಾಗಿ ಈಗಾಗಲೇ ಇರುವ ಮರಗಳಿಗೆ ಕ್ರೆಡಿಟ್ ಸಿಗುವುದೂ ಇಲ್ಲ, ಯೋಜನೆಯ ಕಾರಣದಿಂದ ಹೆಚ್ಚುವರಿಯಾಗಿ ಏನು ಬೆಳೆಯಿತು ಎಂದು ನೋಡುತ್ತಾರೆ. ಹಾಗಿರುವಾಗ ಒಂದೊಂದು ಮರಕ್ಕೂ ಸಾವಿರಾರು ರೂಪಾಯಿ ಎಲ್ಲಿಂದ ಬರಬೇಕು?

ಯಾರಾದರೂ ಊರಿಗೆ ಬಂದು ಸಹಿ ಕೇಳಿದರೆ ಈ ಪ್ರಶ್ನೆಗಳನ್ನು ಕೇಳಿ:

• ನೋಂದಣಿಗೆ ನಾನು ಹಣ ಕಟ್ಟಬೇಕೇ? (ಹೌದು ಎಂದರೆ ಅಲ್ಲಿಗೇ ನಿಲ್ಲಿಸಿ.)
• ಒಪ್ಪಂದ ಎಷ್ಟು ವರ್ಷ? ನಡುವೆ ಮರ ಕಡಿದರೆ, ಜಮೀನು ಮಾರಿದರೆ ಏನಾಗುತ್ತದೆ?
• ಕ್ರೆಡಿಟ್ ಯಾರ ಹೆಸರಿನಲ್ಲಿರುತ್ತದೆ? ಮಾರಿದ ಹಣದಲ್ಲಿ ನನ್ನ ಪಾಲು ಎಷ್ಟು, ಎಂದು ಬರುತ್ತದೆ?
• ಯೋಜನೆ ಯಾವ ನೋಂದಣಿ ಸಂಸ್ಥೆಯಲ್ಲಿದೆ? ಅದರ ಸಂಖ್ಯೆ ಏನು?
• ಒಪ್ಪಂದದ ಕನ್ನಡ ಪ್ರತಿ ಕೊಡುತ್ತೀರಾ?

ಉತ್ತರ ಸಿಗುವವರೆಗೆ ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ ಫೋಟೊ ಕಳಿಸಬೇಡಿ. ಓಟಿಪಿ ಅಂತೂ ಯಾರಿಗೂ ಹೇಳಬೇಡಿ. ಹಣ ಕಳೆದುಕೊಂಡರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕಡಿಮೆ ಮಾಡುವುದು ಎಲ್ಲಿಂದ ಶುರು ಮಾಡಬೇಕು?

ದೊಡ್ಡ ಪಾಲು ಎಲ್ಲಿದೆಯೋ ಅಲ್ಲಿಂದ. ಕೆಳಗಿನ ಬಹುತೇಕ ಕ್ರಮಗಳಲ್ಲಿ ನೀರು, ಖರ್ಚು ಅಥವಾ ಶ್ರಮವೂ ಉಳಿಯುತ್ತದೆ.

ಬೋರ್‌ವೆಲ್ ಪಂಪ್: ಸಾವಿರ ಲೀಟರ್ ನೀರನ್ನು 100 ಮೀಟರ್ ಆಳದಿಂದ ಎತ್ತಲು ಸಾಧಾರಣ ಪಂಪಿಗೆ ಸುಮಾರು 0.7 ಯೂನಿಟ್ ಬೇಕು. ನೀರು 200 ಮೀಟರಿಗೆ ಇಳಿದರೆ ಅದರ ಎರಡರಷ್ಟು. ಪಂಪ್‌ಸೆಟ್ ಕರೆಂಟಿಗೆ ಬಿಲ್ ಬರುವುದಿಲ್ಲವೆಂದು ನಾವು ಇದನ್ನು ಗಮನಿಸುವುದಿಲ್ಲ. ಆದರೆ ಕಲ್ಲಿದ್ದಲು ಎಲ್ಲೋ ಉರಿದಿರುತ್ತದೆ, ಅಂತರ್ಜಲ ಇಳಿದಿರುತ್ತದೆ. ಆಟೊ ಸ್ಟಾರ್ಟರ್ ಹಾಕಿ ಕರೆಂಟ್ ಬಂದಾಗಲೆಲ್ಲ ಪಂಪ್ ಓಡುವಂತೆ ಬಿಡುವುದು ದೊಡ್ಡ ಪೋಲು. ಹನಿ ನೀರಾವರಿ, ಸೋರದ ಪೈಪು, ಆಳಕ್ಕೆ ತಕ್ಕ ಸ್ಟಾರ್ ರೇಟಿಂಗ್ ಪಂಪು, ಹೊಲಕ್ಕೆ ಒಣ ಹುಲ್ಲಿನ ಹೊದಿಕೆ ಇವುಗಳಿಂದ ಓಡುವ ಸಮಯದಲ್ಲಿ ಮೂರನೇ ಒಂದು ಭಾಗ ತಗ್ಗಿದರೂ ನಮ್ಮ ಉದಾಹರಣೆಯ ಮನೆಯಲ್ಲಿ ವರ್ಷಕ್ಕೆ 700 ಕೆ.ಜಿ. ಉಳಿಯುತ್ತದೆ. ಇದು ಮೂರು ವರ್ಷದ ಬೈಕಿನ ಹೊಗೆಗೆ ಸಮ. ಕೃಷಿ ಹೊಂಡ, ಕೆರೆ ಹೂಳೆತ್ತುವುದು ಕೂಡ ನೀರಿನ ಮಟ್ಟ ಏರಿಸಿ ಇದೇ ಕೆಲಸ ಮಾಡುತ್ತವೆ.

ಗೊಬ್ಬರ: ಮಣ್ಣು ಪರೀಕ್ಷೆ ಮಾಡಿಸಿ, ಯೂರಿಯಾವನ್ನು ಒಂದೇ ಸಲ ಎರಚದೆ ಕಂತಿನಲ್ಲಿ ಕೊಡಿ. ಮೆಕ್ಕೆಜೋಳದ ಮೇಲೆ ಎರಚಿ ಬಿಡುವುದಕ್ಕಿಂತ ಬುಡಕ್ಕೆ ಹಾಕಿ ಮಣ್ಣು ಮುಚ್ಚಿದರೆ ನಷ್ಟ ಕಡಿಮೆ. ತೊಗರಿ, ಅಲಸಂದೆ, ಶೇಂಗಾ ಗಾಳಿಯ ಸಾರಜನಕವನ್ನೇ ಬೇರಿನ ಗಂಟಿನಲ್ಲಿ ಹಿಡಿಯುತ್ತವೆ. ಅಕ್ಕಡಿಯಾಗಿ ಅಥವಾ ಸರದಿ ಬೆಳೆಯಾಗಿ ಅವು ಇದ್ದರೆ ಚೀಲ ಕಡಿಮೆ ಸಾಕು. ಒಂದು ಚೀಲ ಉಳಿದರೆ ಸುಮಾರು 100 ಕೆ.ಜಿ. ಇಂಗಾಲ ಉಳಿದಂತೆ. ಇಳುವರಿ ಕಳೆದುಕೊಂಡು ಗೊಬ್ಬರ ಬಿಡಿ ಎಂದು ನಾವು ಹೇಳುತ್ತಿಲ್ಲ. ಪ್ರಮಾಣದ ಬಗ್ಗೆ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

ದನಗಳು: ಮೀಥೇನ್ ಹೆಚ್ಚಾಗಿ ಬರುವುದು ದನದ ತೇಗಿನಿಂದ, ಹಿಂಬದಿಯಿಂದಲ್ಲ. ಇದು ಹೊಟ್ಟೆಯಲ್ಲಿ ನಾರು ಹುಳಿತಾಗ ಆಗುವ ಸಹಜ ಕ್ರಿಯೆ. ಮೀಥೇನ್ ಗಾಳಿಯಲ್ಲಿ ಸುಮಾರು 12 ವರ್ಷ ಮಾತ್ರ ಉಳಿಯುತ್ತದೆ. ಹಾಗಾಗಿ ದನಗಳ ಸಂಖ್ಯೆ ಹೆಚ್ಚದೆ ಇದ್ದರೆ ಅವುಗಳಿಂದ ಬಿಸಿ ವರ್ಷವರ್ಷಕ್ಕೂ ಏರುತ್ತಾ ಹೋಗುವುದಿಲ್ಲ. ಸೊಪ್ಪೆಯನ್ನು ಕತ್ತರಿಸಿ ಹಾಕುವುದು, ಹಸಿರು ಮೇವು, ಖನಿಜ ಮಿಶ್ರಣ ಕೊಡುವುದು ಇವುಗಳಿಂದ ಹಾಲು ಹೆಚ್ಚುತ್ತದೆ, ಪ್ರತಿ ಲೀಟರಿಗೆ ಬೀಳುವ ಮೀಥೇನ್ ಕಡಿಮೆಯಾಗುತ್ತದೆ.

ಭತ್ತ: ತುಂಗಭದ್ರೆಯ ನೀರು ಸಿಗುವ ಹಡಗಲಿ, ಹಗರಿಬೊಮ್ಮನಹಳ್ಳಿ ಕಡೆಯ ಗದ್ದೆಗಳಲ್ಲಿ ಸದಾ ನೀರು ನಿಂತರೆ ಮಣ್ಣಿನಿಂದ ಮೀಥೇನ್ ಬರುತ್ತದೆ. ನೀರು ಕಟ್ಟಿ, ಆರಲು ಬಿಟ್ಟು, ಮತ್ತೆ ಕಟ್ಟುವ ಪದ್ಧತಿಯಲ್ಲಿ ಅದು ಮೂರನೇ ಒಂದು ಭಾಗದಿಂದ ಅರ್ಧದವರೆಗೂ ತಗ್ಗುತ್ತದೆ. ನೀರೂ ಉಳಿಯುತ್ತದೆ.

ಸೊಪ್ಪೆ, ಬೆಂಡು ಸುಡುವುದು: ಬೆಳೆಯ ಇಂಗಾಲ ಮುಂದಿನ ಬೆಳೆಗೆ ವಾಪಸ್ ಬರುತ್ತದೆ ನಿಜ. ಆದರೆ ಹೊಗೆಯ ಜೊತೆ ಮಸಿ, ಮೀಥೇನ್ ಹೋಗುತ್ತವೆ, ಮಣ್ಣಿಗೆ ಸೇರಬೇಕಾದ ಸಾರವೂ ಹೋಗುತ್ತದೆ. ಮೇವಾಗಿ, ತಿಪ್ಪೆಗೆ ಅಥವಾ ರೋಟವೇಟರ್ ಹೊಡೆಸಿ ಮಣ್ಣಿಗೆ ಸೇರಿಸಿದರೆ ಹೊಲ ತೇವ ಹಿಡಿದಿಟ್ಟುಕೊಳ್ಳುತ್ತದೆ.

ಫ್ಯಾನು: 75 ವ್ಯಾಟ್‌ನ ಹಳೆಯ ಎರಡು ಫ್ಯಾನುಗಳ ಬದಲು 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನು ಹಾಕಿ, ದಿನಕ್ಕೆ 12 ಗಂಟೆ ಓಡಿಸಿದರೆ ವರ್ಷಕ್ಕೆ ಸುಮಾರು 390 ಯೂನಿಟ್, 275 ಕೆ.ಜಿ. ಇಂಗಾಲ ಉಳಿಯುತ್ತದೆ. ಆರ್‌ಸಿಸಿ ಮನೆಗೆ ಬೇಸಿಗೆಗೆ ಮುಂಚೆ ಚಾವಣಿಯ ಮೇಲೆ ಸುಣ್ಣ ಬಳಿದರೆ ಒಳಗಿನ ಬಿಸಿ ತಗ್ಗುತ್ತದೆ. ಹಳೆಯ ಮಾಳಿಗೆ ಮನೆ ಇದ್ದರೆ ಕೆಡವುವ ಮುಂಚೆ ದುರಸ್ತಿಯ ಬಗ್ಗೆ ಯೋಚಿಸಿ. ಒಂದು ಚೀಲ ಸಿಮೆಂಟ್ ಹಿಂದೆ 30 ಕೆ.ಜಿ.ಗೂ ಹೆಚ್ಚು ಇಂಗಾಲ ಇರುತ್ತದೆ.

ಪ್ರಯಾಣ: ಲೀಟರಿಗೆ 50 ಕಿಲೋಮೀಟರ್ ಕೊಡುವ ಬೈಕ್ ಪ್ರತಿ ಕಿಲೋಮೀಟರಿಗೆ 46 ಗ್ರಾಂ, ಲೀಟರಿಗೆ 15 ಕೊಡುವ ಕಾರು ಸುಮಾರು 155 ಗ್ರಾಂ ಬಿಡುತ್ತದೆ. ತುಂಬಿದ ಸರ್ಕಾರಿ ಬಸ್ಸಿನಲ್ಲಿ ತಲೆಗೆ 13–15 ಗ್ರಾಂ ಮಾತ್ರ. ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿ ಮೂಲಕ ಹೊಸಪೇಟೆ–ಹರಿಹರ ರೈಲು ಮಾರ್ಗ ಇದೆ. ಕೆಲಸದ ಸಮಯಕ್ಕೆ ಹೊಂದುವ ರೈಲು, ಬಸ್ಸು ಹೆಚ್ಚಿಸಿ ಎಂದು ಕೇಳುವುದೂ ಇಂಗಾಲ ಇಳಿಸುವ ಕೆಲಸವೇ.

ಹಾಗಾದರೆ ತಪ್ಪು ನಮ್ಮದೇನಾ?

ಇಲ್ಲಿ ಒಂದು ಮಾತು ಹೇಳಲೇಬೇಕು. "ನಿಮ್ಮ ಕಾರ್ಬನ್ ಫುಟ್‌ಪ್ರಿಂಟ್ ಲೆಕ್ಕ ಹಾಕಿ" ಎಂಬ ಮಾತನ್ನು 2004ರ ಸುಮಾರಿಗೆ ಜಗತ್ತಿನಾದ್ಯಂತ ಜಾಹೀರಾತಿನ ಮೂಲಕ ಜನಪ್ರಿಯಗೊಳಿಸಿದ್ದು ಬಿಪಿ ಎಂಬ ತೈಲ ಕಂಪನಿ. ತೈಲ ಮಾರುವವರ ಹೊಣೆ ಮರೆಯಾಗಿ, ಕೊಳ್ಳುವವರ ಮೇಲೆ ಮಾತ್ರ ಬೆರಳು ತಿರುಗಿತು ಎಂಬ ಟೀಕೆ ಅಂದಿನಿಂದ ಇದೆ.

ನಮ್ಮ ಪಕ್ಕದ್ದೇ ಲೆಕ್ಕ ನೋಡಿ. ಬಳ್ಳಾರಿ ಬಳಿಯ ಕುಡುತಿನಿಯ ಉಷ್ಣ ವಿದ್ಯುತ್ ಸ್ಥಾವರದ ಸಾಮರ್ಥ್ಯ 1,700 ಮೆಗಾವ್ಯಾಟ್. ಅದು ಪೂರ್ಣ ಸಾಮರ್ಥ್ಯದಲ್ಲಿ ಒಂದು ದಿನ ನಡೆದರೆ ಸುಮಾರು 4 ಕೋಟಿ ಯೂನಿಟ್ ಕರೆಂಟ್, ಸುಮಾರು 40,000 ಟನ್ ಇಂಗಾಲ. ನಮ್ಮ ಉದಾಹರಣೆಯಂಥ 30,000ಕ್ಕೂ ಹೆಚ್ಚು ಮನೆಗಳು ಕರೆಂಟ್, ಗ್ಯಾಸ್, ಬೈಕಿನಿಂದ ಇಡೀ ವರ್ಷ ಬಿಡುವಷ್ಟು. ಆ ಕರೆಂಟನ್ನು ಬಳಸುವವರು ನಾವೇ ಎಂಬುದೂ ನಿಜ. ಆದರೆ ಅದು ಕಲ್ಲಿದ್ದಲಿನಿಂದ ಬರಬೇಕೋ, ಬಿಸಿಲು-ಗಾಳಿಯಿಂದ ಬರಬೇಕೋ ಎಂಬ ತೀರ್ಮಾನ ಒಬ್ಬ ರೈತನ ಕೈಯಲ್ಲಿಲ್ಲ. ಅದು ಸರ್ಕಾರ ಮತ್ತು ಕಂಪನಿಗಳ ಕೈಯಲ್ಲಿದೆ. ಮತ ಹಾಕುವವರಾಗಿ, ಗ್ರಾಮಸಭೆಯಲ್ಲಿ ಕೂರುವವರಾಗಿ ಅದನ್ನು ಕೇಳುವ ಹಕ್ಕು ನಮಗಿದೆ.

ಇನ್ನೊಂದು ಕಡೆ, ಬಿಸಿಯ ಹೊಡೆತ ಮೊದಲು ಬೀಳುವುದು ಕಡಿಮೆ ಬಿಟ್ಟವರ ಮೇಲೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಲಾಯಿತು. ಆ ಒಂದು ವರ್ಷದ ಬರಕ್ಕೆ ಎಲ್ ನಿನೊ ಕೂಡ ಕಾರಣ, ಎಲ್ಲವನ್ನೂ ಇಂಗಾಲದ ತಲೆಗೆ ಕಟ್ಟಲಾಗದು. ಆದರೆ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು 7% ಹೆಚ್ಚು ತೇವ ಹಿಡಿಯುತ್ತದೆ. ಮಣ್ಣು ಬೇಗ ಒಣಗುತ್ತದೆ, ಸುರಿದಾಗ ಒಮ್ಮೆಲೇ ಸುರಿಯುತ್ತದೆ. ಒಣಬೇಸಾಯದ ಕೂಡ್ಲಿಗಿ, ಹರಪನಹಳ್ಳಿಯಂಥ ಕಡೆ ಇದರ ಅರ್ಥ ಬೆಳೆ ನಷ್ಟ, ಸಾಲ ಮತ್ತು ಗುಳೆ.

ಒಟ್ಟಾರೆ ಹೇಳುವುದಾದರೆ

ನಮ್ಮ ಸೀಮೆಯ ಮನೆಗಳ ಹೆಜ್ಜೆಗುರುತು ಸಣ್ಣದು, ಆದರೆ ಸೊನ್ನೆಯಲ್ಲ. ಅದರ ದೊಡ್ಡ ಪಾಲು ಪಂಪು, ಕೊಟ್ಟಿಗೆ, ಗೊಬ್ಬರದಲ್ಲಿದೆ. ಗಾಳಿ ಫ್ಯಾನು ಮಳೆ ತಡೆಯುವುದಿಲ್ಲ. ಅರಳಿ ಮರ ರಾತ್ರಿ ಆಮ್ಲಜನಕ ಬಿಡುವುದಿಲ್ಲ. ಗ್ಯಾಸ್ ಬಿಟ್ಟು ಹೊಗೆಯ ಒಲೆಗೆ ಮರಳುವುದು ಬೇಡ. ಕಾರ್ಬನ್ ಹಣದ ಲಿಂಕ್ ಬಂದರೆ ಒತ್ತುವ ಮುಂಚೆ ಮರಕ್ಕೆ 20 ಕೆ.ಜಿ., ಕ್ರೆಡಿಟ್‌ಗೆ 1,000 ಕೆ.ಜಿ. ಎಂಬ ಎರಡು ಅಂಕಿ ನೆನಪಿಸಿಕೊಳ್ಳಿ.

ಈ ಲೇಖನ ಉಪಯುಕ್ತ ಅನಿಸಿದರೆ ಮನೆಯ ಗುಂಪಿಗೆ ಕಳಿಸಿ. ಕಳಿಸುವ ಮುಂಚೆ ನಿಮ್ಮ ಮನೆಯ ಕರೆಂಟ್ ಬಿಲ್ ಮತ್ತು ಪೆಟ್ರೋಲ್ ಲೆಕ್ಕ ಹಿಡಿದು ಮೇಲಿನ ಅಂಕಿಗಳನ್ನು ಒಮ್ಮೆ ನೀವೇ ಗುಣಿಸಿ ನೋಡಿ.